ಪಾತ್ರೆಯಲ್ಲಿ ಇದ್ದದ್ದೇನು? ಕರ್ತನ ಭೋಜನದ ದಿನ ಕುಸಿದ ಒಬ್ಬ ಸಭಾಸದಸ್ಯರ ಪ್ರಕರಣ

ಕರಾವಳಿಯ ಒಂದು ಪ್ರಾಟೆಸ್ಟಂಟ್ ಸಭೆ. ದೇವಾಲಯ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದ್ದು, ಈಗ ಸಿಎಸ್‌ಐಗೆ, ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿದೆ. ಆ ಭಾನುವಾರ ಬಿಷಪರು ಬಂದಿದ್ದರು. ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ದೃಢೀಕರಣ, ಅದರ ಹಿಂದೆಯೇ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನ. ಮಗಳು ಮೊದಲ ಸಲ ಪಾತ್ರೆಗೆ ತುಟಿ ಮುಟ್ಟಿಸುವ ದಿನ ಎಂದು ತಂದೆಯೂ ಅವಳ ಪಕ್ಕದಲ್ಲಿ ಮೊಣಕಾಲೂರಿದರು. ನಲವತ್ತೈದರ ಆಸುಪಾಸಿನ ಮನುಷ್ಯ, ವೈರಿಂಗ್ ಕೆಲಸ. ರೊಟ್ಟಿ ತೆಗೆದುಕೊಂಡರು, ಪಾತ್ರೆಯಿಂದ ಬಾಯ್ತುಂಬ ಒಂದು ಗುಟುಕು ಕುಡಿದರು, ಎದ್ದು ಬಂದು ತಮ್ಮ ಬೆಂಚಿನಲ್ಲಿ ಕೂತರು. ಕೊನೆಯ ಕೀರ್ತನೆ ಮುಗಿಯುವಷ್ಟರಲ್ಲಿ ಮುಖ, ಕುತ್ತಿಗೆ ಕೆಂಡದಂತಾಗಿತ್ತು. ಅಂಗಿ ಬೆವರಿನಲ್ಲಿ ಒದ್ದೆ. ಎದ್ದು ಬೆಂಚು ಹಿಡಿದುಕೊಂಡು ತೂರಾಡುತ್ತ ಹೊರಗೆ ಹೋಗಿ ಮೆಟ್ಟಿಲ ಮೇಲೆಯೇ ವಾಂತಿ ಮಾಡಿ ಕುಸಿದರು.

ಊರಿಗೆಲ್ಲ ಗೊತ್ತಿದ್ದ ಕುಡುಕ. ಹಾಗಾಗಿ ಏನಾಯಿತು ಎಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ‘ಮಗಳ ದಿನವೂ ಬಿಡಲಿಲ್ಲವಲ್ಲ’ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅಸಲಿಗೆ ಅವರು ಐದು ತಿಂಗಳಿಂದ ಒಂದು ತೊಟ್ಟು ಮುಟ್ಟಿರಲಿಲ್ಲ. ಅವರಿಗೆ ಆ ದಿನ ಮದ್ಯ ಕೊಟ್ಟದ್ದು ಸಭೆಯೇ.

ಸಭಾಸೇವೆಗೆ ತಯಾರಾಗುವವರ ಜೊತೆ ಚರ್ಚೆಗೆಂದು ಬರೆದಿಟ್ಟ ಪ್ರಕರಣ ಇದು. ಬೇರೆ ಬೇರೆ ಸಭೆಗಳಲ್ಲಿ ನಡೆದದ್ದನ್ನು ಒಂದು ಮನೆಯ ಕಥೆಯಾಗಿ ಸೇರಿಸಿದ್ದೇನೆ. ಯಾರ ಗುರುತು ಹಿಡಿಯಲು ಹೋದರೂ ಸಿಗುವುದಿಲ್ಲ. ವೈದ್ಯಕೀಯ ಸಂಗತಿ ಮತ್ತು ಚರಿತ್ರೆ ಮಾತ್ರ ಇದ್ದದ್ದು ಇದ್ದ ಹಾಗೆಯೇ.

ಅಲ್ಲಿಯವರೆಗಿನ ಕಥೆ

ಕುಡಿತ ಶುರುವಾದದ್ದು ಎಲ್ಲರಂತೆ, ಸಂಜೆ ಕೆಲಸ ಮುಗಿದ ಮೇಲೆ ಜೊತೆಯವರೊಡನೆ ಒಂದು ನೈಂಟಿ. ಹತ್ತು ವರ್ಷದಲ್ಲಿ ಅದು ಬೆಳಿಗ್ಗೆ ಕೈ ನಡುಗುವುದನ್ನು ನಿಲ್ಲಿಸಲು ಕುಡಿಯುವ ಮಟ್ಟಕ್ಕೆ ಬಂತು. ನಡುಗುವ ಕೈಯಲ್ಲಿ ಏಣಿ ಹತ್ತಿ ಸ್ವಿಚ್‌ಬೋರ್ಡ್ ಬಿಚ್ಚುವವರನ್ನು ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮನೆ ನಡೆದದ್ದು ಆ ಗೌರವಧನದಲ್ಲಿ ಮತ್ತು ಸ್ವಸಹಾಯ ಸಂಘದ ಸಾಲದಲ್ಲಿ.

ಸಭೆ ಮೊದಲು ಮಾಡಿದ್ದು ಅವರನ್ನು ಒಂದು ಉಪವಾಸ ಪ್ರಾರ್ಥನಾ ಶಿಬಿರಕ್ಕೆ ಕಳಿಸಿದ್ದು. ಮೂರು ದಿನ ನೀರು, ಪ್ರಾರ್ಥನೆ, ತಲೆಯ ಮೇಲೆ ಕೈಯಿಟ್ಟು ಬಿಡುಗಡೆ. ಎರಡನೆಯ ದಿನ ಅವರಿಗೆ ಫಿಟ್ಸ್ ಬಂತು. ಶಿಬಿರದವರು ಅದನ್ನು ದುರಾತ್ಮ ಬಿಟ್ಟುಹೋಗುವ ಲಕ್ಷಣ ಎಂದು ಬಗೆದು ಇನ್ನೂ ಜೋರಾಗಿ ಪ್ರಾರ್ಥಿಸಿದರು. ಇದು ನಗುವ ಮಾತಲ್ಲ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣುವ ಸನ್ನಿ ಹಿಡಿಯಬಹುದು, ನೋಡಿಕೊಳ್ಳದಿದ್ದರೆ ಪ್ರಾಣವೇ ಹೋಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲ ವಾರ ನರ ಶಾಂತಗೊಳಿಸುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಜೊತೆಗೆ ಥಯಾಮಿನ್ ವಿಟಮಿನ್. ‘ಇವತ್ತೇ ಬಿಡು, ಕರ್ತನು ಬಲ ಕೊಡುತ್ತಾನೆ’ ಎನ್ನುವ ಬೋಧಕರಿಗೆ ಇಷ್ಟು ತಿಳಿದಿರಬೇಕು ಎಂದು ಕೇಳುವುದು ಅವಿಶ್ವಾಸವೇನೂ ಅಲ್ಲ.

ಹೆಂಡತಿಯೂ ಒಂದು ದಾರಿ ಹುಡುಕಿದ್ದರು. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಚೀಟಿ ನೋಡಿ ಪುಡಿ ತರಿಸಿ ಮೀನುಸಾರಿಗೆ ಹಾಕುತ್ತಿದ್ದರು. ಆ ಪುಡಿಯಲ್ಲಿ ಏನಿತ್ತೋ. ಅದರಿಂದ ಏನೂ ಆಗಲಿಲ್ಲ ಎಂಬುದೇ ಪುಣ್ಯ.

ಕೊನೆಗೆ ಅವರನ್ನು ಸರಿಯಾದ ಚಿಕಿತ್ಸೆಗೆ ಒಯ್ದದ್ದು ಸಭೆಯೂ ಅಲ್ಲ, ಮನೆಯೂ ಅಲ್ಲ. ಏಣಿಯಿಂದ ಬಿದ್ದು ಕೈ ಮುರಿದುಕೊಂಡಾಗ ಮೂಳೆ ಡಾಕ್ಟರು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಮೂರು ವಾರ ಒಳರೋಗಿಯಾಗಿದ್ದು ಬಂದ ಮೇಲೆ ಅವರಿಗೆ ಕೊಟ್ಟದ್ದು ಡೈಸಲ್ಫಿರಾಮ್, ದಿನಕ್ಕೆ 250 ಮಿಲಿಗ್ರಾಮಿನ ಒಂದು ಮಾತ್ರೆ.

ಮಾತ್ರೆಯೂ ಭರಣಿಯೂ

ಈ ಮಾತ್ರೆ ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ, ಕುಡಿದರೆ ಶಿಕ್ಷೆ ಕೊಡುತ್ತದೆ. ದೇಹದೊಳಗೆ ಮದ್ಯ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯದ ವಸ್ತುವಾಗಿ ಬದಲಾಗಬೇಕು. ಡೈಸಲ್ಫಿರಾಮ್ ಆ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ವಿಷ ರಕ್ತದಲ್ಲಿ ಉಳಿದು ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಬರುತ್ತದೆ, ಬಿಪಿ ಇಳಿಯುತ್ತದೆ. 1940ರ ದಶಕದ ಕೊನೆಗೆ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸನ್ ಹೊಟ್ಟೆಹುಳಕ್ಕೆ ಔಷಧಿ ಹುಡುಕುತ್ತಿದ್ದಾಗ ಇದನ್ನು ತಾವೇ ನುಂಗಿ ನೋಡಿ, ಆಮೇಲೆ ಎಂದಿನಂತೆ ಸ್ವಲ್ಪ ಕುಡಿದು, ಹೀಗೆ ಒದ್ದಾಡಿದ್ದರಿಂದಲೇ ಈ ಗುಣ ಗೊತ್ತಾದದ್ದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ರೋಗಿಗೆ ಹೇಳದೆ ಇದನ್ನು ಯಾವ ಕಾರಣಕ್ಕೂ ಕೊಡಬಾರದು ಎಂಬ ನಿಯಮ ಇರುವುದು ಇದಕ್ಕೇ. ಗೋಡೆಚೀಟಿಯ ಪುಡಿಯಲ್ಲಿ ಇದೇ ಇದ್ದಿದ್ದರೆ ಮೀನುಸಾರು ತಿಂದು ಬಾರಿಗೆ ಹೋದ ಗಂಡ ಮನೆಗೆ ಬರದೆಯೂ ಇರಬಹುದಿತ್ತು.

ಆಸ್ಪತ್ರೆಯ ಕೌನ್ಸೆಲರ್ ಒಳ್ಳೆಯ ಪಟ್ಟಿಯನ್ನೇ ಕೊಟ್ಟಿದ್ದರು: ಕೆಮ್ಮಿನ ಸಿರಪ್ ಬೇಡ, ಮೌತ್‌ವಾಶ್ ಬೇಡ, ಶೇವಿಂಗ್ ಆದ ಮೇಲೆ ಹಚ್ಚುವ ಲೋಶನ್ ಬೇಡ, ಆಯುರ್ವೇದದ ಆಸವ, ಅರಿಷ್ಟಗಳೂ ಬೇಡ. ದ್ರಾಕ್ಷಾರಿಷ್ಟದಲ್ಲಿ ಮದ್ಯ ಇರುತ್ತದೆಂದು ಗೊತ್ತಿದ್ದವರಿಗೆ ದ್ರಾಕ್ಷಾರಸ ನೆನಪಾಗಲಿಲ್ಲ. ಕ್ರೈಸ್ತರ ಆರಾಧನೆಯಲ್ಲಿ ಏನು ಕುಡಿಯುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ತಪ್ಪೆನ್ನಲಾಗದು. ಆದರೆ ರೋಗಿಗೇ ಸಂಶಯ ಬಂದಿತ್ತು. ದೃಢೀಕರಣಕ್ಕೆ ಒಂದು ವಾರ ಮೊದಲು ಅವರು ಹೆಂಡತಿಯ ಮೂಲಕ ಸ್ತ್ರೀಯರ ಕೂಟದಲ್ಲಿ ಕೇಳಿಸಿದರು. ಬಂದ ಉತ್ತರ: ‘ಅದು ಮನೆಯಲ್ಲೇ ಮಾಡಿದ್ದು, ಬರೀ ರಸ. ಅದರಲ್ಲಿ ಎಂತದೂ ಇಲ್ಲ.’

ಆ ರಸ ತಯಾರಾಗುತ್ತಿದ್ದ ಬಗೆ ಹೀಗೆ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ತೊಳೆದು, ಒರೆಸಿ, ಕೈಯಲ್ಲಿ ಹಿಚುಕಿ, ಉಪ್ಪಿನಕಾಯಿಯ ದೊಡ್ಡ ಭರಣಿಗೆ ಹಾಕುತ್ತಾರೆ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಚಿಟಿಕೆ ಯೀಸ್ಟ್. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲೆ ಮೂಲೆಯಲ್ಲಿಟ್ಟು ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತಾರೆ. ಮೂರನೆಯ ದಿನದಿಂದ ಬುಸುಬುಸು ಎಂದು ನೊರೆ ಏಳುತ್ತದೆ. 21 ದಿನ ಕಳೆದ ಮೇಲೆ ಸೋಸಿ ಬಾಟಲಿಗೆ. ಏಳುವ ಆ ನೊರೆ ಎಂದರೆ ಸಕ್ಕರೆ ಮದ್ಯವಾಗುತ್ತಿರುವ ಸದ್ದು. ಹೀಗೆ ಮಾಡಿದ್ದು ಶೇಕಡಾ ಹತ್ತರ ಆಸುಪಾಸು ಮುಟ್ಟುವುದು ಏನೂ ಕಷ್ಟವಲ್ಲ, ಅಂಗಡಿಯಲ್ಲಿ ಮಾರುವ ವೈನಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಅಂಗಡಿಯದ್ದು ಮದ್ಯ, ನಮ್ಮ ಅಕ್ಕನವರ ಭರಣಿಯದ್ದು ರಸ ಎಂದೇ ಸಭೆ ತಲೆಮಾರುಗಳಿಂದ ನಂಬಿತ್ತು. ಸುಳ್ಳು ಹೇಳಬೇಕೆಂದು ಯಾರೂ ಸುಳ್ಳು ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಂಡತಿ ಗಂಡನ ಪರ್ಸಿನಿಂದ ಡೈಸಲ್ಫಿರಾಮ್ ಕಾರ್ಡು ತೆಗೆದು ತೋರಿಸಿದರು. ಡ್ಯೂಟಿ ಡಾಕ್ಟರು ಡ್ರಿಪ್ ಹಾಕಿ, ಆಕ್ಸಿಜನ್ ಕೊಟ್ಟು, ಸಂಜೆಯವರೆಗೆ ನೋಡಿಕೊಂಡು ಕಳಿಸಿದರು. ದೇಹದ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

ಸಮಿತಿ ಕೂತಾಗ

ಬುಧವಾರ ಸಭಾ ಸಮಿತಿ ಸೇರಿತು. ಸಭೆಯ ಪಾದ್ರಿಯಾದ ಸಭಾಪಾಲಕರು ಡಾಕ್ಟರ ಚೀಟಿ ಓದಿ ಹೇಳಿದ ಮೇಲೂ ಖಜಾಂಚಿಗಳು ಪಟ್ಟು ಬಿಡಲಿಲ್ಲ. ಅವರ ವಾದ: ಅವತ್ತು ಕುಡಿದಿರಲಿಲ್ಲ ಸರಿ, ಆದರೆ ಇಷ್ಟು ವರ್ಷ ಕುಡಿದು ಸಭೆಗೆ ಕೆಟ್ಟ ಹೆಸರು ತಂದದ್ದು ನಿಜವಷ್ಟೆ? ಒಂದು ವರ್ಷ ಪೂರ್ತಿ ಸರಿಯಾಗಿದ್ದಾರೆಂದು ಕಾಣುವವರೆಗೆ ಭೋಜನಕ್ಕೆ ಬರುವುದು ಬೇಡ. ಕುಡಿಕರು ದೇವರ ರಾಜ್ಯಕ್ಕೆ ಬಾಧ್ಯರಾಗುವುದಿಲ್ಲ ಎಂದು ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮಾತನ್ನು ಎತ್ತಿ ಓದಿದರು.

ಈ ಕಟ್ಟುನಿಟ್ಟಿಗೆ ಇಲ್ಲಿ ಹಳೆಯ ಬೇರಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಳ್ಳು ತೆಗೆಯುವ ಕಸುಬು ಕ್ರೈಸ್ತರಿಗೆ ತಕ್ಕದ್ದಲ್ಲ ಎಂದು ಬಗೆದರು. ಸಭೆಗೆ ಸೇರಿದ ಅನೇಕ ಬಿಲ್ಲವ ಕುಟುಂಬಗಳು ತಾಳೆಮರದ ಜೊತೆಗೆ ಅನ್ನದ ದಾರಿಯನ್ನೂ ಬಿಟ್ಟುಬಂದವು. ಆ ಅನ್ನಕ್ಕೆ ಬೇರೆ ದಾರಿ ಮಾಡಬೇಕಾಗಿ ಬಂದದ್ದೂ ಮಿಶನ್ನು ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದಕ್ಕೆ ಒಂದು ಕಾರಣ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ನಿಷೇಧವಲ್ಲ, ಅದರ ಜೊತೆಗೆ ಬಂದ ಹೊಣೆ. ಒಂದನ್ನು ಬಿಡು ಎಂದವರು ಬಿಟ್ಟವನ ಸಂಬಳದ ಲೆಕ್ಕವನ್ನೂ ಹಾಕಿದರು. ಈ ಪ್ರಕರಣದ ಮನುಷ್ಯನ ಅಜ್ಜನೂ ಹಂಚಿನ ಕಾರ್ಖಾನೆಯಲ್ಲಿದ್ದವರೇ. ಮೊಮ್ಮಗನ ಕಾಲಕ್ಕೆ ಸಭೆಯ ಕೈಯಲ್ಲಿ ಶಿಸ್ತು ಮಾತ್ರ ಉಳಿದಿತ್ತು, ಕಾರ್ಖಾನೆ ಇರಲಿಲ್ಲ.

ಸಮಿತಿಯ ಒಬ್ಬ ಹಿರಿಯರು, ಗಲ್ಫಿನಿಂದ ನಿವೃತ್ತರಾಗಿ ಬಂದವರು, ಬೇರೆ ಕಡೆಯಿಂದ ಎಳೆದರು. ಖಜಾಂಚಿಗಳಷ್ಟು ಕಠಿಣರಲ್ಲ, ಆದರೆ ದ್ರಾಕ್ಷಾರಸ ಬದಲಿಸುವ ಮಾತು ಬಂದಾಗ ಮಾತ್ರ ಒಪ್ಪಲಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಲಿಲ್ಲವೇ? ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದದ್ದು ಪೌಲನೇ ಅಲ್ಲವೇ? ಒಬ್ಬರಿಗೋಸ್ಕರ ಕರ್ತನು ಇಟ್ಟುಕೊಟ್ಟದ್ದನ್ನು ತಿದ್ದುವುದೋ? ಇವರು ರಾತ್ರಿ ಊಟಕ್ಕೆ ಮೊದಲು ಎರಡು ಪೆಗ್ ಹಾಕುವವರು ಎಂಬುದು ಕೂತ ಎಲ್ಲರಿಗೂ ಗೊತ್ತಿತ್ತು, ಆದರೆ ಅದನ್ನು ಯಾರೂ ಎತ್ತಲಿಲ್ಲ. ನಮ್ಮಲ್ಲಿ ಸ್ಕಾಚ್ ಕುಡಿಯುವವರು ‘ಸೋಶಿಯಲ್’, ಕ್ವಾರ್ಟರ್ ಕುಡಿಯುವವರು ಪಾಪಿಗಳು.

ಅವರ ವೇದವಾದವನ್ನು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಯೇಸು ಕುಡಿದದ್ದು ಹುಳಿಯದ ರಸ ಎಂದು ಕೆಲವು ಬೋಧಕರು ಸಾಧಿಸಹೊರಡುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಯ್ದ ದ್ರಾಕ್ಷಿಯ ರಸ ಮಾರ್ಚ್, ಏಪ್ರಿಲಿನ ಪಸ್ಕಹಬ್ಬದವರೆಗೆ, ಅಂದರೆ ಯೇಸು ಕೊನೆಯ ಊಟ ಮಾಡಿದ ಯೆಹೂದ್ಯರ ಹಬ್ಬದವರೆಗೆ ಹುಳಿಯದೆ ಉಳಿಯುವುದು ಆ ಬಿಸಿಲಿನ ನಾಡಿನಲ್ಲಿ ಆಗುವ ಮಾತಲ್ಲ. ಅದು ಮದ್ಯವೇ. ಸತ್ಯವೇದ ದ್ರಾಕ್ಷಾರಸವನ್ನು ದೇವರ ದಾನ ಎನ್ನುತ್ತದೆ, ನೋಹ ಕುಡಿದು ಗುಡಾರದಲ್ಲಿ ಬೆತ್ತಲೆ ಬಿದ್ದಿದ್ದ ಅವಮಾನವನ್ನೂ ಮುಚ್ಚಿಡುವುದಿಲ್ಲ. ಕರ್ತನ ಭೋಜನದ ಅತಿ ಹಳೆಯ ವರದಿಯಲ್ಲೇ ಈ ತೊಂದರೆ ಇದೆ: ಕೊರಿಂಥದಲ್ಲಿ ಭೋಜನಕ್ಕೆ ಕೂತಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಅಮಲೇರಿರುತ್ತಾನೆ ಎಂದು ಪೌಲನು ಗದರುತ್ತಾನೆ. ಅಲ್ಲಿ ಅವನ ಸಿಟ್ಟು ಮದ್ಯದ ಮೇಲಲ್ಲ, ಒಬ್ಬರನ್ನೊಬ್ಬರು ನೋಡದೆ ತಿಂದು ಕುಡಿಯುವವರ ಮೇಲೆ. ಖಜಾಂಚಿಗಳು ಓದಿದ ವಾಕ್ಯ ಆರನೆಯ ಅಧ್ಯಾಯದ್ದು. ಹನ್ನೊಂದನೆಯ ಅಧ್ಯಾಯದವರೆಗೆ ಅವರು ಹೋಗಲಿಲ್ಲ.

ಚರ್ಚೆ ಅಲ್ಲಿಂದ ಪಾಪವೋ ರೋಗವೋ ಎಂಬ ಕಡೆಗೆ ಜಾರಿತು. ನಿವೃತ್ತ ಟೀಚರಮ್ಮ ಒಬ್ಬರು ಇದು ಕಾಯಿಲೆ ಎಂದು ವಾದಿಸಿದರು. ಅಮೆರಿಕದ ವೈದ್ಯರ ಸಂಘ 1956ರಲ್ಲೇ ಹಾಗೆಂದು ಒಪ್ಪಿದೆ, ಇವತ್ತಿನ ಮನೋವೈದ್ಯರೂ ಹಾಗೆಯೇ ನೋಡುತ್ತಾರೆ. ಕಾಯಿಲೆಯಾದರೆ ಹೊಣೆ ಯಾರದು ಎಂದು ಖಜಾಂಚಿಗಳು ಕೇಳಿದರು. ಅರ್ಧ ಗಂಟೆ ಈ ಹಗ್ಗಜಗ್ಗಾಟ. ಇದು ಅಷ್ಟು ಹೊಸ ಪ್ರಶ್ನೆಯೂ ಅಲ್ಲ. ನಾಲ್ಕನೆಯ ಶತಮಾನದ ಕ್ರೈಸ್ತ ಸಂತ ಅಗಸ್ಟೀನ್ ತನ್ನ ಬಗ್ಗೆಯೇ ಬರೆದುಕೊಂಡಿದ್ದಾನೆ: ಕೆಟ್ಟ ಇಚ್ಛೆ ಬಯಕೆಯಾಗುತ್ತದೆ, ಬಯಕೆಗೆ ಮಣಿಯುತ್ತ ಹೋದರೆ ಅಭ್ಯಾಸವಾಗುತ್ತದೆ, ಅಭ್ಯಾಸವನ್ನು ತಡೆಯದಿದ್ದರೆ ಅದು ಅನಿವಾರ್ಯವಾಗುತ್ತದೆ, ಕೊಂಡಿಗೆ ಕೊಂಡಿ ಸೇರಿ ಸರಪಳಿ. ಶುರುವಿನ ಕೊಂಡಿಯಲ್ಲಿ ಇಚ್ಛೆಯಿದೆ, ಕೊನೆಯ ಕೊಂಡಿಯಲ್ಲಿ ಇಚ್ಛೆಗೆ ಬಲವಿಲ್ಲ. ಪಾಪ ಎನ್ನುವವರೂ ರೋಗ ಎನ್ನುವವರೂ ಒಂದೊಂದು ತುದಿ ಹಿಡಿದುಕೊಂಡಿದ್ದಾರೆ ಅಷ್ಟೆ. ಅವನ ತಾಯಿ ಮೋನಿಕಾ ಹುಡುಗಿಯಾಗಿದ್ದಾಗ ದ್ರಾಕ್ಷಾರಸ ತರಲು ಹೋಗಿ ಪೀಪಾಯಿಯಿಂದ ಗುಟುಕು ಗುಟುಕಾಗಿ ಕುಡಿಯಲು ಕಲಿತಿದ್ದಳೆಂದೂ ಅವನೇ ಬರೆಯುತ್ತಾನೆ. ಸಂತಳ ತಾಯ್ತನವನ್ನು ಹೊಗಳುವ ನಮ್ಮ ಬೋಧನೆಗಳಲ್ಲಿ ಈ ಭಾಗ ಬರುವುದೇ ಇಲ್ಲ.

ಆದರೆ ಈ ಪ್ರಕರಣಕ್ಕೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಪಾಪವೇ ಆಗಲಿ ರೋಗವೇ ಆಗಲಿ, ಆ ಭಾನುವಾರ ಪಾತ್ರೆಯಲ್ಲಿ ಏನಿತ್ತು ಎಂದು ತಿಳಿದುಕೊಳ್ಳಬೇಕಾಗಿದ್ದವರು ಸಭೆಯವರು. ಬಿಡಬೇಕೆಂದು ಹೆಣಗುತ್ತಿರುವ ಒಬ್ಬರಿಗೆ ಸಭೆ ಕೊಡಬೇಕಾದದ್ದು ಏನು? ಅದನ್ನು ಕೇಳದೆ ಅವರ ಯೋಗ್ಯತೆಯನ್ನು ತೂಗುತ್ತ ಕೂತದ್ದು ಸಮಿತಿಯ ನಿಜವಾದ ಕೊರತೆ.

ಬೇರೆಯವರು ಏನು ಮಾಡಿದ್ದಾರೆ

ಸಭಾಪಾಲಕರು ಇನ್ನೂ ಚಿಕ್ಕ ಪ್ರಾಯದವರು. ಸಮಿತಿ ಮುಂದೆ ಸೇರುವ ಹೊತ್ತಿಗೆ ಓದಿಕೊಂಡು ಬಂದರು. ಪಕ್ಕದ ಕಥೋಲಿಕ ಚರ್ಚಿನ ಫಾದರ್ ಹತ್ತಿರವೂ ಹೋಗಿ ಕೇಳಿದ್ದರು.

ಕಥೋಲಿಕರಲ್ಲಿ ದ್ರಾಕ್ಷಾರಸ ದ್ರಾಕ್ಷಿಯದ್ದೇ, ಕೆಡದ್ದೇ ಆಗಿರಬೇಕೆಂದು ಅವರ ಧರ್ಮಸಭಾ ಕಾನೂನಿನ 924ನೆಯ ವಿಧಿ ಹೇಳುತ್ತದೆ. ಆದರೆ ರೊಟ್ಟಿಯಲ್ಲೂ ಪಾತ್ರೆಯಲ್ಲೂ ಕ್ರಿಸ್ತನು ಪೂರ್ತಿಯಾಗಿಯೇ ಇದ್ದಾನೆ ಎಂಬುದು ಅವರ ಬೋಧನೆ. ಹಾಗಾಗಿ ಜನಸಾಮಾನ್ಯರು ರೊಟ್ಟಿಯೊಂದನ್ನೇ ತೆಗೆದುಕೊಂಡರೂ ಏನೂ ಕಡಿಮೆಯಾಗುವುದಿಲ್ಲ. ಕಷ್ಟ ಬರುವುದು ಪಾದ್ರಿಗೇ ಕುಡಿತದ ರೋಗವಿದ್ದಾಗ, ಯಾಕೆಂದರೆ ಬಲಿಪೂಜೆಯಲ್ಲಿ, ಅಂದರೆ ಮಾಸಿನಲ್ಲಿ, ಅವರು ಪಾತ್ರೆಯಿಂದ ಸ್ವೀಕರಿಸಲೇಬೇಕು. ಅಂಥವರಿಗೆ ಮಸ್ಟಮ್, ಅಂದರೆ ಹುದುಗುವುದನ್ನು ಶೀತಲೀಕರಿಸಿ ತಡೆದ ದ್ರಾಕ್ಷಿರಸ ಬಳಸಲು ಬಿಷಪರು ಅನುಮತಿ ಕೊಡಬಹುದೆಂದು ರೋಮಿನ ವಿಶ್ವಾಸಬೋಧನಾ ಸಂಸ್ಥೆ 2003ರಲ್ಲಿ ಪತ್ರ ಬರೆದಿದೆ. ಆಗ ಅದರ ಮುಖ್ಯಸ್ಥರಾಗಿದ್ದವರು ಮುಂದೆ ಪೋಪ್ ಆದ ರಾಟ್ಸಿಂಗರ್.

ಮೆಥಡಿಸ್ಟರು ಇಡೀ ಮೇಜನ್ನೇ ಬದಲಿಸಿದರು. ಆ ಪಂಗಡವನ್ನು ಕಟ್ಟಿದ ಜಾನ್ ವೆಸ್ಲಿ 1743ರ ನಿಯಮಗಳಲ್ಲೇ ಬಟ್ಟಿಯಿಳಿಸಿದ ಮದ್ಯವನ್ನು ಕೊಳ್ಳುವುದು, ಮಾರುವುದು, ಕುಡಿಯುವುದು ಮೂರನ್ನೂ ಬೇಡವೆಂದಿದ್ದ. 1869ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ತನ್ನ ಸಭೆಯ ಭೋಜನದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು, ಪಾಶ್ಚರನ ವಿಧಾನದಂತೆ ದ್ರಾಕ್ಷಿರಸದ ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು ಹುದುಗದಂತೆ ಮಾಡಿದ. ಇವತ್ತಿನ ಬಾಟಲಿ ಜ್ಯೂಸಿನ ವ್ಯಾಪಾರ ಹುಟ್ಟಿದ್ದೇ ಹೀಗೆ, ಒಂದು ಸಭೆಯ ಪಾತ್ರೆಗಾಗಿ. ಅದಕ್ಕಿಂತ ಮುಂದೆ ಹೋದದ್ದು ಸಾಲ್ವೇಶನ್ ಆರ್ಮಿ. ಲಂಡನ್ನಿನ ಬಡಕೇರಿಗಳ ಕುಡುಕರ ನಡುವೆ ಬೆಳೆದ ಆ ಪಂಗಡ 1883ರಿಂದ ಭೋಜನ ಸಂಸ್ಕಾರವನ್ನೇ ಆಚರಿಸುವುದನ್ನು ಬಿಟ್ಟಿತು. ಕುಡಿತ ಬಿಟ್ಟು ಬಂದವರಿಗೆ ಆ ಗುಟುಕೇ ಶೋಧನೆಯಾಗಬಾರದು ಎಂಬುದು ಅದರ ಕಾರಣಗಳಲ್ಲಿ ಒಂದು.

ಗಲ್ಫಿನ ಹಿರಿಯರಿಗೆ ಕಥೋಲಿಕರ ದಾರಿ ಹಿಡಿಸಿತು: ಆ ಮನುಷ್ಯ ರೊಟ್ಟಿ ಮಾತ್ರ ತೆಗೆದುಕೊಳ್ಳಲಿ. ಇನ್ನೊಬ್ಬರು ಅವರಿಗೊಂದು ಬೇರೆ ಲೋಟ ಇಡೋಣ ಎಂದರು. ಎರಡೂ ಕೇಳಲು ಸೌಮ್ಯವಾಗಿವೆ. ಆದರೆ ಎಲ್ಲರಿಗೂ ಪಾತ್ರೆ ಕೊಡಬೇಕೆಂದು ಹೋರಾಡಿದ್ದೇ ಪ್ರಾಟೆಸ್ಟಂಟ್ ಸುಧಾರಣೆಯ ಒಂದು ದೊಡ್ಡ ಸಂಗತಿ. ಅದನ್ನು ಒಬ್ಬರಿಂದ ಮಾತ್ರ ಹಿಂದಕ್ಕೆ ಪಡೆಯುವುದೆಂದರೆ ಪ್ರತಿ ತಿಂಗಳ ಮೊದಲ ಭಾನುವಾರ ಅವರ ಹಣೆಗೆ ಚೀಟಿ ಅಂಟಿಸಿದ ಹಾಗೆ. ಬೇರೆ ಲೋಟವೂ ಅಷ್ಟೆ, ನಮ್ಮ ನಾಡಿನಲ್ಲಿ ಬೇರೆ ಲೋಟಕ್ಕೆ ಇರುವ ಚರಿತ್ರೆ ಸಭೆಯೊಳಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಉತ್ತರ ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ತಿನ್ನುವ ಕುಡಿಯುವ ಸ್ವಾತಂತ್ರ್ಯ ಇದೆ ಎಂದು ಒಪ್ಪಿದ ಮೇಲೆಯೇ, ಸಹೋದರನು ಎಡವುವುದಾದರೆ ಮಾಂಸವನ್ನಾಗಲಿ ದ್ರಾಕ್ಷಾರಸವನ್ನಾಗಲಿ ಮುಟ್ಟದಿರುವುದು ಒಳ್ಳೆಯದು ಎನ್ನುತ್ತಾನೆ ಪೌಲ. ಬಿಡಬೇಕಾದವರು ಬಲವುಳ್ಳವರು. ‘ಬಲಹೀನನು ಬದಿಗೆ ಸರಿಯಲಿ’ ಎಂದು ಅಲ್ಲಿ ಎಲ್ಲೂ ಇಲ್ಲ.

ಹೆಂಡತಿಯ ಲೆಕ್ಕ

ಇಷ್ಟು ಹೊತ್ತೂ ಮಾತಾಡಿದ್ದು ಗಂಡಸಿನ ಬಗ್ಗೆಯೇ. ಕ್ರೈಸ್ತ ನೀತಿಶಾಸ್ತ್ರದ ಪಾಠಗಳಲ್ಲೂ ಹೆಚ್ಚಾಗಿ ಹಾಗೆಯೇ: ಕುಡುಕ, ಅವನ ಪಾಪ, ಅವನ ಬಿಡುಗಡೆ.

ಆಸ್ಪತ್ರೆಯಿಂದ ಬಂದ ಮೇಲೆ ಸಭಾಪಾಲಕರು ಮನೆ ಭೇಟಿಗೆ ಹೋದರು. ಪ್ರಾರ್ಥನೆ ಮಾಡಿ, ‘ಕಳೆದದ್ದನ್ನು ಕ್ಷಮಿಸಿಬಿಡಿ ಅಕ್ಕ, ಅವರು ಈಗ ಹೊಸ ಮನುಷ್ಯ’ ಎಂದರು.

‘ಕ್ಷಮಿಸ್ಲಿಕ್ಕೆ ನಂಗೇನೂ ತೊಂದರೆ ಇಲ್ಲ ಅಯ್ಯನವರೇ. ಸಂಘದ ಸಾಲ ಕಟ್ಲಿಕ್ಕೆ ಉಂಟಲ್ಲ, ಅದನ್ನು ಯಾರು ಕ್ಷಮಿಸ್ತಾರೆ?’

ಎದ್ದು ಹೋಗಿ ಪಾಸ್‌ಪುಸ್ತಕ ತಂದು ಮುಂದಿಟ್ಟರು. ಮನೆ ರಿಪೇರಿಗೆಂದು ತೆಗೆದ ಸಾಲ ಬಾರಿಗೆ ಹೋಗಿತ್ತು. ಎರಡು ಬಳೆ ಸೊಸೈಟಿಯಲ್ಲಿ ಅಡವಿದ್ದವು, ಬಡ್ಡಿ ಕಟ್ಟುತ್ತಿದ್ದದ್ದು ಬಿಸಿಯೂಟದ ದುಡ್ಡಿನಿಂದ. ಪ್ರತಿ ವಾರ ಕಂತಿನ ದಿನ ಸಂಘದ ಉಳಿದ ಹೆಂಗಸರ ಮುಂದೆ ಕೂರಬೇಕಾದವರು ಇವರು. ‘ಅವರು ಬಿಟ್ಟದ್ದಕ್ಕೆ ದೇವಸ್ಥಾನದಲ್ಲಿ ಸ್ತೋತ್ರ ಮಾಡ್ತಾರೆ, ನಾನು ಬಿಡದೆ ಇದ್ದದ್ದಕ್ಕೆ?’ ಎಂದೂ ಕೇಳಿದರಂತೆ. ಸಭಾಪಾಲಕರು ಇದನ್ನು ಸಮಿತಿಯಲ್ಲಿ ಹೇಳುವಾಗ ಟೀಚರಮ್ಮನವರ ಹೊರತು ಬೇರೆಯವರು ಕಾಗದ ನೋಡುತ್ತ ಕೂತಿದ್ದರು.

ಸುವಾರ್ತೆಯಲ್ಲಿ ಪಶ್ಚಾತ್ತಾಪಕ್ಕೆ ಲೆಕ್ಕಪುಸ್ತಕ ಇದೆ. ತೆರಿಗೆ ವಸೂಲಿಯಲ್ಲಿ ದುಡ್ಡು ಮಾಡಿದ್ದ ಜಕ್ಕಾಯ ಅತ್ತು ಕರೆದದ್ದರ ಬಗ್ಗೆ ಲೂಕನು ಏನೂ ಬರೆದಿಲ್ಲ, ಅನ್ಯಾಯವಾಗಿ ತೆಗೆದದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದದ್ದನ್ನು ಬರೆದಿದ್ದಾನೆ. 1935ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಶುರುವಾದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿದೆ. ಅದರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ತಾನು ನೋಯಿಸಿದವರ ಪಟ್ಟಿ ಮಾಡುವುದು, ಒಂಬತ್ತನೆಯದು ಆದಷ್ಟು ಮಟ್ಟಿಗೆ ಅದನ್ನು ನೇರವಾಗಿ ತುಂಬಿಕೊಡುವುದು. ತಮಾಷೆಯೆಂದರೆ 'ಎಎ' ಗುಂಪೊಂದು ಪ್ರತಿ ಶನಿವಾರ ಸಂಜೆ ಇದೇ ಸಭೆಯ ಹಾಲಿನಲ್ಲಿ ಸೇರುತ್ತದೆ. ಬಾಡಿಗೆ ರಸೀದಿ ಬರೆಯುವ ಖಜಾಂಚಿಗಳಿಗೆ ಅಲ್ಲಿ ಏನು ನಡೆಯುತ್ತದೆಂದು ಗೊತ್ತಿರಲಿಲ್ಲ. ಗಂಡ ಅಲ್ಲಿಗೆ ಐದು ತಿಂಗಳಿಂದ ಹೋಗುತ್ತಿದ್ದರು.

ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎನ್ನುತ್ತದೆ, ಮೂರು ವಾಕ್ಯ ದಾಟಿ ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತದೆ. ಪಾತ್ರೆಯಲ್ಲಿ ಏನಿರಬೇಕು ಎಂಬುದು ಸಭೆ ಹೊರಬೇಕಾದ ಭಾರ. ಸಂಘದ ಕಂತು ಗಂಡನ ಹೊರೆ. ಎರಡನ್ನೂ ಹೆಂಡತಿಯ ತಲೆಗೆ ದಾಟಿಸಿ ಅದಕ್ಕೆ ಕ್ಷಮೆ ಎಂದು ಹೆಸರಿಡುವುದು ಮಾತ್ರ ಪೌಲನ ಮಾತಿಗೆ ಹೊಂದುವುದಿಲ್ಲ.

ಆದ ಬದಲಾವಣೆ, ಆಗದೆ ಉಳಿದದ್ದು

ಎರಡು ತಿಂಗಳ ಎಳೆದಾಟದ ನಂತರ ಸಮಿತಿ ತೀರ್ಮಾನಕ್ಕೆ ಬಂತು. ಇನ್ನು ಮೇಲೆ ಎಲ್ಲರಿಗೂ ಹುದುಗದ ರಸ. ಕಪ್ಪು ಒಣದ್ರಾಕ್ಷಿಯನ್ನು ಶನಿವಾರ ರಾತ್ರಿ ನೆನೆಸಿ, ಭಾನುವಾರ ಬೆಳಿಗ್ಗೆ ಹಿಂಡಿ, ಕುದಿಸಿ, ಸೋಸಿ, ಆರಿಸಿ ಪಾತ್ರೆಗೆ. ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ. ಪ್ರಕಟಣೆಯಲ್ಲಿ ಯಾರ ಹೆಸರೂ ಬರಬಾರದೆಂದು ಆ ಮನುಷ್ಯ ಕೇಳಿಕೊಂಡಿದ್ದರು, ಬರಲಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂಬುದು ಬೇರೆ ಮಾತು. ಹಳೆಯ ಮೂರು ಕುಟುಂಬಗಳು ಕರ್ತನ ಭೋಜನಕ್ಕೆ ಪೇಟೆಯ ಇನ್ನೊಂದು ಸಭೆಗೆ ಹೋಗತೊಡಗಿದವು. ಗಲ್ಫಿನ ಹಿರಿಯರು ಹೋಗಲಿಲ್ಲ. ವಿರೋಧ ದಾಖಲಿಸಿ, ಮುಂದಿನ ತಿಂಗಳು ಬಂದು ಆ ರಸವನ್ನೇ ಕುಡಿದರು. ಅದು ನನಗೆ ಹಿಡಿಸಿತು.

ಸಾಲದ ವಿಷಯದಲ್ಲಿ ಟೀಚರಮ್ಮ ಒಂದು ಏರ್ಪಾಡು ಮಾಡಿದರು. ದೇವಾಲಯದ, ಹಾಲಿನ, ಸಭಾಪಾಲಕರ ಮನೆಯ ಹಳೆಯ ವೈರಿಂಗ್ ಪೂರ್ತಿ ಬದಲಿಸುವ ಕೆಲಸವನ್ನು ಪೇಟೆಯ ಕಂಟ್ರಾಕ್ಟರಿಗೆ ಕೊಡದೆ ಇವರಿಗೇ ಕೊಡುವುದು, ಕೂಲಿಯ ಅರ್ಧ ನೇರವಾಗಿ ಸಂಘದ ಕಂತಿಗೆ ಹೋಗುವುದು. ದಾನ ಮಾಡಿದ್ದರೆ ಸುಲಭವಾಗುತ್ತಿತ್ತು, ಹೆಂಡತಿ ಒಪ್ಪುತ್ತಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಮದುವೆ ಮನೆಯಲ್ಲಿ ಅವರು ಮತ್ತೆ ಕುಡಿದರು. ಮಾತ್ರೆ ಕೆಲವು ವಾರಗಳಿಂದ ತಪ್ಪಿಸಿದ್ದರು. ನಾಲ್ಕು ದಿನ. ಐದನೆಯ ದಿನ ತಾವೇ ಆಸ್ಪತ್ರೆಗೆ ಹೋದರು. ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಈ ಕಾಯಿಲೆಯಲ್ಲಿ ಇದು ಸಾಮಾನ್ಯ. ಖಜಾಂಚಿಗಳು ‘ನಾನು ಹೇಳಿರಲಿಲ್ಲವೇ’ ಎಂದರು. ಹೆಂಡತಿ ಆ ನಾಲ್ಕು ದಿನ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಹೋದದ್ದು ಸರಿಯೆಂದು ಸಭಾಪಾಲಕರು ಈ ಸಲ ಯಾರ ಮುಂದೆಯೂ ಹಿಂಜರಿಯದೆ ಹೇಳಿದರು. ಎಪ್ಪತ್ತೇಳು ಸಲ ಕ್ಷಮಿಸು ಎಂಬ ಯೇಸುವಿನ ಮಾತಿಗೆ ಎಪ್ಪತ್ತೇಳು ಸಲ ಅದೇ ಮನೆಯಲ್ಲಿ ಹೊಡೆತ ತಿನ್ನು ಎಂಬ ಅರ್ಥವಿಲ್ಲ.

ಬಗೆಹರಿಯದೆ ಉಳಿದದ್ದು ಕ್ರಿಸ್ಮಸ್ ವೈನ್. ಭೋಜನದ ಪಾತ್ರೆಯಿಂದ ಹೊರಬಿದ್ದ ಭರಣಿ ಸ್ತ್ರೀಯರ ಕೂಟದ ಮೂಲೆಯಲ್ಲಿ ಹಾಗೆಯೇ ಇದೆ. ಡಿಸೆಂಬರಿನ ಮಾರಾಟದಲ್ಲಿ ಬಾಟಲಿಗಳು ಕೇಕಿಗಿಂತ ಬೇಗ ಖಾಲಿಯಾಗುತ್ತವೆ, ಹಣ ಕಟ್ಟಡ ನಿಧಿಗೆ ಹೋಗುತ್ತದೆ. ಪರವಾನಗಿ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಸಮಿತಿಗೆ ಈ ಪ್ರಕರಣದ ನಂತರವೇ ಹೊಳೆಯಿತು. ‘ಬರೀ ರಸ’ ಎಂಬ ನಂಬಿಕೆ ಹೋದ ಮೇಲೆ ಆ ಮರೆಯೂ ಹೋಯಿತು. ವಿಷಯವನ್ನು ಎರಡು ಸಲ ಕಾರ್ಯಸೂಚಿಗೆ ಹಾಕಿ ಎರಡು ಸಲವೂ ಮುಂದೂಡಿದ್ದಾರೆ, ಕಟ್ಟಡ ನಿಧಿಗೆ ಆ ಹಣ ಬೇರೆಲ್ಲಿಂದ ಬರಬೇಕು ಎಂಬುದಕ್ಕೆ ಖಜಾಂಚಿಗಳ ಬಳಿ ಉತ್ತರವಿಲ್ಲ. ನಿಮ್ಮ ಅಭಿಪ್ರಾಯವೇನು ಎಂದು ಆ ಮನುಷ್ಯನನ್ನೇ ಕೇಳಿದರು. ಮಾರುವುದು ಬಿಡುವುದು ಸಮಿತಿಗೆ ಬಿಟ್ಟದ್ದು, ಮಾರಾಟದ ದಿನ ತಾನು ಗೇಟಿನ ಹೊರಗೆ ವಾಹನ ನಿಲ್ಲಿಸುವ ಕೆಲಸ ನೋಡಿಕೊಳ್ಳುತ್ತೇನೆ ಎಂದರು. ಸಮಿತಿ ಆ ಕೆಲಸವನ್ನು ಅವರಿಗೆ ಕೊಟ್ಟಿದೆ.